ವಾಹನಗಳ ಕಮಾನು ಪಟ್ಟಿ, ಸ್ಪ್ರಿಂಗ್ ದುರಸ್ತಿ: ಅಪಾಯಗಳು ಮತ್ತು ಮುನ್ನೆಚ್ಚರಿಕೆಗಳು

ಇಂದಿನ ಬೇಸಾಯದಲ್ಲಿ ಎತ್ತು, ನೇಗಿಲುಗಳಷ್ಟೇ ವಾಹನವೂ ಅಗತ್ಯವಾಗಿದೆ. ಗೊಬ್ಬರವನ್ನು ಹೊಲಕ್ಕೆ, ಕಬ್ಬನ್ನು ಕಾರ್ಖಾನೆಗೆ, ಕಾಳುಕಡಿಯನ್ನು ಮಾರುಕಟ್ಟೆಗೆ ಸಾಗಿಸಲು ಟ್ರಾಕ್ಟರ್ ಟ್ರೇಲರ್, ಜೀಪು, ಪಿಕಪ್, ಕಾರು ಮುಂತಾದವು ರೈತರ ಮನೆಯಂಗಳಕ್ಕೆ ಬಂದಿವೆ. ಹೊಲದ ಬದು, ಕಾಲುವೆ ಏರಿ, ಗುಂಡಿ ಬಿದ್ದ ರಸ್ತೆಗಳಲ್ಲಿ ಓಡಾಡುವ ಈ ವಾಹನಗಳಲ್ಲಿ ಬೇಗ ಸವೆಯುವ ಭಾಗಗಳೆಂದರೆ ಕಮಾನು ಪಟ್ಟಿ, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್ ಮತ್ತು ಪಿನ್ನುಗಳು. ಪಟ್ಟಣದ ಗ್ಯಾರೇಜಿಗೆ ಹೋಗುವ ಖರ್ಚು ಮತ್ತು ಸಮಯವನ್ನು ಉಳಿಸಲು ಅನೇಕ ರೈತರು, ಅವರ ಮಕ್ಕಳು ಹಾಗೂ ಚಾಲಕರು ಈ ದುರಸ್ತಿಯನ್ನು ತಾವೇ ಮಾಡಿಕೊಳ್ಳುತ್ತಾರೆ.

ಇದು ತಪ್ಪಲ್ಲ. ಆದರೆ ಪಂಪ್‌ಸೆಟ್ ದುರಸ್ತಿಯಲ್ಲಿ ನಟ್ಟು, ಬೋಲ್ಟುಗಳ ಕೆಲಸ ತಪ್ಪಿದರೆ ಸಾಮಾನ್ಯವಾಗಿ ಒಂದು ಬಿಡಿಭಾಗ ಹಾಳಾಗುತ್ತದೆ. ಕಮಾನು ಪಟ್ಟಿಯ ಕೆಲಸದಲ್ಲಿ ತಪ್ಪಿದರೆ ಹೋಗುವುದು ಕೈಯೋ, ಕಣ್ಣೋ, ಪ್ರಾಣವೋ ಆಗಿರುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಕಬ್ಬು ನುರಿಸುವ ಹಂಗಾಮು. ರಾತ್ರಿ ಒಂಬತ್ತು ಗಂಟೆ. ಹತ್ತು ಟನ್ ಕಬ್ಬು ಹೇರಿದ ನಾಲ್ಕು ಗಾಲಿಗಳ ಟ್ರೇಲರಿನ ಹಿಂದಿನ ಕಮಾನು ಪಟ್ಟಿ ಕಾಲುವೆ ಏರಿಯ ಮೇಲೆ ಮುರಿಯಿತು. ಬೆಳಗಾಗುವುದರೊಳಗೆ ಕಾರ್ಖಾನೆಯ ಸಾಲಿನಲ್ಲಿ ನಿಲ್ಲದಿದ್ದರೆ ಸರದಿ ತಪ್ಪುತ್ತದೆ, ಕಬ್ಬು ಒಣಗಿ ತೂಕ ಇಳಿಯುತ್ತದೆ. ಚಾಲಕ ಜಾಕ್ ಹಚ್ಚಿ, ಎರಡು ಇಟ್ಟಿಗೆಗಳನ್ನು ಒತ್ತುಕೊಟ್ಟು, ಟಾರ್ಚ್ ಹಿಡಿಯಲು ಮಾಲೀಕನ ಮಗನನ್ನು ಕರೆದು, ತಾನು ಅಚ್ಚಿನ ಕೆಳಗೆ ತೂರಲು ಅಣಿಯಾಗುತ್ತಾನೆ. ಹಂಗಾಮಿನಲ್ಲಿ ಇಂತಹ ನೋಟ ಅಪರೂಪವಲ್ಲ. ಆ ಇಬ್ಬರ ಜೀವ ಆ ಗಳಿಗೆಯಲ್ಲಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ಲೆಕ್ಕ ಹಾಕಿ ತೋರಿಸುವುದು ಈ ಲೇಖನದ ಉದ್ದೇಶ.

ಅಪಾಯದ ಮೂಲಗಳು ಎರಡು

ಮೊದಲನೆಯದು ವಾಹನದ ಭಾರ. ಇದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಸ್ಪ್ರಿಂಗಿನಲ್ಲಿ ಅಡಗಿರುವ ಬಲ. ಇದು ಕಾಣುವುದಿಲ್ಲ. ವಾಹನದ ಭಾರವನ್ನು ಹೊತ್ತು ಬಾಗಿದ ಕಮಾನು ಪಟ್ಟಿಯಾಗಲಿ, ಅದುಮಿದ ಸುರುಳಿ ಸ್ಪ್ರಿಂಗಾಗಲಿ ಹೆದೆಯೇರಿಸಿದ ಬಿಲ್ಲಿನಂತೆ. ಅದನ್ನು ಹಿಡಿದಿಟ್ಟ ಬೋಲ್ಟನ್ನು ಬಿಚ್ಚಿದ ಕ್ಷಣದಲ್ಲಿ ಅದು ತನ್ನ ಮೂಲ ಆಕಾರಕ್ಕೆ ಮರಳಲು ನೋಡುತ್ತದೆ. ದಾರಿಯಲ್ಲಿ ಕೈ, ಮುಖ ಏನಿದ್ದರೂ ಅದು ಲೆಕ್ಕಿಸುವುದಿಲ್ಲ.

ಆದ್ದರಿಂದ ಈ ಕೆಲಸದ ನಿಯಮಗಳೆಲ್ಲವೂ ಎರಡೇ ಮಾತಿನಲ್ಲಿ ಅಡಕವಾಗಿವೆ. ಬೀಳಬಹುದಾದ ಭಾರದ ಕೆಳಗೆ ಮೈಯೊಡ್ಡಬಾರದು. ಬಲ ಇಳಿಸದ ಸ್ಪ್ರಿಂಗನ್ನು ಬಿಚ್ಚಬಾರದು.

ಜಾಕ್ ಎತ್ತುವ ಸಾಧನ, ಆಸರೆಯಲ್ಲ

ರೈತರಲ್ಲಿ ಸಾಮಾನ್ಯವಾಗಿ ಇರುವುದು ಎಣ್ಣೆಯ ಜಾಕ್, ಅಂದರೆ ಹೈಡ್ರಾಲಿಕ್ ಜಾಕ್. ಅದರ ಒಳಗಿನ ಎಣ್ಣೆಯನ್ನು ತಡೆದು ನಿಲ್ಲಿಸುವುದು ಒಂದು ಚಿಕ್ಕ ಗುಂಡಿನ ಕವಾಟ ಮತ್ತು ರಬ್ಬರಿನ ಸೀಲು ಮಾತ್ರ. ಕವಾಟದಲ್ಲಿ ಒಂದು ಕಸದ ಕಣ ಸಿಕ್ಕಿಕೊಂಡರೆ ಜಾಕ್ ನಿಧಾನವಾಗಿ ಇಳಿಯುತ್ತದೆ. ಹಳೆಯ ಸೀಲು ಹರಿದರೆ ಒಮ್ಮೆಗೇ ಕುಸಿಯುತ್ತದೆ. ಟನ್ನುಗಟ್ಟಲೆ ಭಾರವನ್ನು ತಡೆದಿರುವುದು ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಗುಂಡು ಎಂಬುದನ್ನು ಮರೆಯಬಾರದು.

ಕಾರಿನೊಡನೆ ಬರುವ ತಿರುಪು ಜಾಕ್‌ನಲ್ಲಿ ಎಣ್ಣೆ ಸೋರುವ ಭಯವಿಲ್ಲ. ಆದರೆ ಅದರ ಪಾದ ಕಿರಿದು. ವಾಹನ ಸ್ವಲ್ಪ ಮುಂದೆ ಹಿಂದೆ ಸರಿದರೂ ಅದು ಮಗುಚುತ್ತದೆ. ಅದು ಗಾಲಿ ಬದಲಾಯಿಸುವುದಕ್ಕೆ ಮಾತ್ರ ಮಾಡಿದ ಸಾಧನ.

ಜಾಕ್‌ನ ಮೇಲೆ ಬರೆದಿರುವ ಟನ್ ಅಳತೆಯು ಅದು ನೆಟ್ಟಗೆ, ಗಟ್ಟಿ ನೆಲದ ಮೇಲೆ ನಿಂತಿರುವಾಗ ಮಾತ್ರ ಅನ್ವಯಿಸುತ್ತದೆ. ವಾಲಿದ ಜಾಕ್‌ಗೆ ಆ ಅಳತೆ ಸಲ್ಲುವುದಿಲ್ಲ. ಎತ್ತರ ಸಾಲದೆಂದು ಜಾಕ್‌ನ ತಲೆಯ ಮೇಲೆ ಕಲ್ಲು, ಕೊಳವೆ ತುಂಡು ಅಥವಾ ಮರದ ಚೂರುಗಳನ್ನು ಇಡುವ ರೂಢಿಯನ್ನು ಬಿಡಬೇಕು. ಎತ್ತರ ಬೇಕಾದರೆ ಜಾಕ್‌ನ ಕೆಳಗೆ ಅಗಲವಾದ ಹಲಗೆಗಳನ್ನು ಹಾಕಬೇಕು.

ನೆಲದ ಗುಣವನ್ನು ಅರಿಯುವುದು

ಬೆಳೆಗೆ ಮಣ್ಣಿನ ಗುಣ ಹೇಗೆ ಮುಖ್ಯವೋ ಈ ಕೆಲಸಕ್ಕೂ ಹಾಗೆಯೇ ಮುಖ್ಯ. ಮೇಲೆ ಹೇಳಿದ ಕಬ್ಬಿನ ಟ್ರೇಲರಿನ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಹತ್ತು ಟನ್ ಕಬ್ಬು ಮತ್ತು ಟ್ರೇಲರಿನ ಸ್ವಂತ ತೂಕ ಎರಡು ಟನ್ ಎಂದಿಟ್ಟುಕೊಂಡರೆ ಒಟ್ಟು 12 ಟನ್. ನಾಲ್ಕು ಗಾಲಿಗಳಿಗೆ ಸಮನಾಗಿ ಹಂಚಿದರೂ ಒಂದೊಂದಕ್ಕೆ 3 ಟನ್, ಅಂದರೆ 3000 ಕಿ.ಗ್ರಾಂ. ಜಾಕ್‌ನ ಪಾದವು 12 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ 144 ಚದರ ಸೆಂ.ಮೀ. ಆಗ ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 21 ಕಿ.ಗ್ರಾಂ. ತೇವವಾದ ಮೆತ್ತನೆಯ ಜೇಡಿಮಣ್ಣು ಸುರಕ್ಷಿತವಾಗಿ ಹೊರಬಲ್ಲದ್ದು ಸುಮಾರು ಒಂದು ಕಿ.ಗ್ರಾಂ. ಅಥವಾ ಅದಕ್ಕೂ ಕಡಿಮೆ. ಜಾಕ್ ನೆಲದೊಳಗೆ ಹೂಳುವುದು, ಹೂಳುತ್ತಾ ವಾಲುವುದು ಸಹಜವೇ ಆಗಿದೆ.

ಈಗ ಜಾಕ್‌ನ ಕೆಳಗೆ 50 ಸೆಂ.ಮೀ. ಉದ್ದಗಲದ ದಪ್ಪ ಹಲಗೆಯನ್ನು ಹಾಕಿದರೆ ವಿಸ್ತೀರ್ಣ 2500 ಚದರ ಸೆಂ.ಮೀ. ಆಗುತ್ತದೆ ಮತ್ತು ಒತ್ತಡ 1.2 ಕಿ.ಗ್ರಾಂ.ಗೆ ಇಳಿಯುತ್ತದೆ. ಬಹಳಷ್ಟು ಸುಧಾರಿಸಿದರೂ ಹಸಿ ನೆಲಕ್ಕೆ ಇದು ಇನ್ನೂ ಹೆಚ್ಚೇ. ಕಬ್ಬನ್ನು ಇಳಿಸಿ ಟ್ರೇಲರನ್ನು ಬರಿದು ಮಾಡಿದರೆ ಒಂದು ಗಾಲಿಯ ಪಾಲು 500 ಕಿ.ಗ್ರಾಂ. ಮಾತ್ರ. ಆಗ ಅದೇ ಹಲಗೆಯ ಕೆಳಗಿನ ಒತ್ತಡ 0.2 ಕಿ.ಗ್ರಾಂ. ಹಲಗೆಯೂ ಬೇಕು, ಹೊರೆಯನ್ನೂ ಇಳಿಸಬೇಕು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಹಲಗೆ ತೆಳುವಾಗಿದ್ದರೆ ಬಾಗಿ ಮುರಿಯುತ್ತದೆ, ಭಾರವೂ ಹರಡುವುದಿಲ್ಲ. ಎಂಟು ಹತ್ತು ಸೆಂ.ಮೀ. ದಪ್ಪವಿರುವ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಜೋಡಿಸುವುದು ಲೇಸು.

ಕಪ್ಪು ಎರೆ ಭೂಮಿಯ ರೈತರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ಬಿರುಕಿನ ಅಂಚಿನಲ್ಲಿ ಜಾಕ್ ಇಟ್ಟರೆ ಅಂಚು ಕುಸಿಯುತ್ತದೆ. ಹೊಸದಾಗಿ ಮಣ್ಣು ತುಂಬಿದ ಜಾಗ, ತಿಪ್ಪೆಯ ಪಕ್ಕ, ಕಾಲುವೆ ಏರಿಯ ಅಂಚು, ಇಳಿಜಾರು ಇವು ಯಾವುವೂ ಈ ಕೆಲಸಕ್ಕೆ ತಕ್ಕುವಲ್ಲ. ಸಮತಟ್ಟಾದ ಕಾಂಕ್ರೀಟ್ ಕಣ ಅತ್ಯುತ್ತಮ. ಅದಿಲ್ಲದಿದ್ದರೆ ಗಟ್ಟಿಯಾದ ಒಣ ಮೊರಂ ನೆಲವನ್ನು ಆರಿಸಿಕೊಳ್ಳಬೇಕು.

ಸರಿಯಾದ ಆಸರೆ

ವಾಹನವನ್ನು ಜಾಕ್‌ನಿಂದ ಎತ್ತಿದ ಕೂಡಲೇ ಅದರ ಭಾರವನ್ನು ಆಸರೆಯ ಮೇಲೆ ಇಳಿಸಬೇಕು. ಉಕ್ಕಿನ ಆ್ಯಕ್ಸಲ್ ಸ್ಟ್ಯಾಂಡ್‌ಗಳು ಉತ್ತಮ. ಒಂದು ಜೊತೆ ಕೊಂಡರೆ ಹಲವು ವರ್ಷ ಬಾಳುತ್ತವೆ. ಊರಿನ ನಾಲ್ಕಾರು ರೈತರು ಕೂಡಿ ಕೊಂಡುಕೊಳ್ಳಲೂಬಹುದು. ಅವುಗಳನ್ನು ಜೊತೆಯಾಗಿಯೇ ಎರಡೂ ಪಕ್ಕಕ್ಕೆ ಉಪಯೋಗಿಸಬೇಕು.

ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ಚೌಕ ತೊಲೆಗಳನ್ನು ಎರಡೆರಡಾಗಿ, ಒಂದು ಸಾಲಿಗೆ ಇನ್ನೊಂದು ಸಾಲು ಅಡ್ಡ ಬರುವಂತೆ ಅಟ್ಟಿ ಕಟ್ಟಬಹುದು. ಅಟ್ಟಿಯ ಎತ್ತರವು ಅದರ ತಳದ ಅಗಲವನ್ನು ಮೀರಬಾರದು. ಗೆದ್ದಲು ತಿಂದ, ಸೀಳು ಬಿಟ್ಟ ಅಥವಾ ದುಂಡಗಿನ ಮರ ಬೇಡ.

ಇಟ್ಟಿಗೆ, ಟೊಳ್ಳು ಸಿಮೆಂಟ್ ಇಟ್ಟಿಗೆ ಮತ್ತು ಒರಟು ಕಲ್ಲುಗಳನ್ನು ಆಸರೆಯಾಗಿ ಎಂದಿಗೂ ಉಪಯೋಗಿಸಬಾರದು. ಗೋಡೆಯಲ್ಲಿ ಗಾರೆಯ ನಡುವೆ ಭಾರ ಹೊರುವ ಇಟ್ಟಿಗೆ, ಕಬ್ಬಿಣದ ಅಂಚಿನ ಕೆಳಗೆ ಬಂದಾಗ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಮರ ಮುರಿಯುವ ಮುನ್ನ ಕಿರುಗುಟ್ಟಿ ಎಚ್ಚರಿಸುತ್ತದೆ. ಇಟ್ಟಿಗೆ ಎಚ್ಚರಿಸುವುದಿಲ್ಲ.

ಆಸರೆ ಕೊಟ್ಟ ಮೇಲೆ ಹೊರಗೆ ನಿಂತು ವಾಹನವನ್ನು ಎರಡು ಕೈಗಳಿಂದ ಬಲವಾಗಿ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಗಾಲಿಯನ್ನು ಚಾಸಿಸ್ ಕೆಳಗೆ ಅಡ್ಡ ಮಲಗಿಸಿಡುವುದು ಒಳ್ಳೆಯ ಅಭ್ಯಾಸ. ಆಸರೆ ತಪ್ಪಿದರೂ ಮನುಷ್ಯ ಉಳಿಯುವಷ್ಟು ಜಾಗ ಅದರಿಂದ ದೊರೆಯುತ್ತದೆ.

ವಾಹನ ಉರುಳದಂತೆ ತಡೆಯುವುದು

ಕೈಬ್ರೇಕ್ ಹಾಕಿದ್ದೇನೆ, ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯ ಸಾಲದು. ಹೆಚ್ಚಿನ ಕಾರುಗಳಲ್ಲಿ ಕೈಬ್ರೇಕ್ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗವನ್ನು ಎತ್ತಿದರೆ ನೆಲದ ಮೇಲಿರುವ ಮುಂದಿನ ಗಾಲಿಗಳು ಸ್ವತಂತ್ರವಾಗುತ್ತವೆ. ಹಳೆಯ ಜೀಪುಗಳಲ್ಲಿ ಕೈಬ್ರೇಕ್ ಗಾಲಿಯನ್ನು ಹಿಡಿಯದೆ, ಗೇರ್ ಪೆಟ್ಟಿಗೆಯ ಹಿಂದಿನ ದಂಡವನ್ನು ಹಿಡಿಯುತ್ತದೆ. ಇಂತಹ ಜೀಪಿನ ಒಂದು ಹಿಂದಿನ ಗಾಲಿಯನ್ನು ಎತ್ತಿದರೆ, ಡಿಫರೆನ್ಷಿಯಲ್ ಗೇರಿನ ಗುಣದಿಂದ ಎತ್ತಿದ ಗಾಲಿ ಒಂದು ಕಡೆಗೆ, ನೆಲದ ಗಾಲಿ ಮತ್ತೊಂದು ಕಡೆಗೆ ತಿರುಗಿ ವಾಹನ ಉರುಳಬಲ್ಲದು. ಗೇರಿನಲ್ಲಿ ನಿಲ್ಲಿಸಿದ ವಾಹನದ ಚಾಲನೆಯ ಗಾಲಿಗಳಲ್ಲಿ ಒಂದನ್ನು ಎತ್ತಿದಾಗಲೂ ಹೀಗೆಯೇ ಆಗುತ್ತದೆ.

ಆದ್ದರಿಂದ ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಮುಂದೆ, ಹಿಂದೆ ಎರಡೂ ಕಡೆ ಮರದ ಬೆಣೆಗಳನ್ನು ಕೊಡಬೇಕು. ಟ್ರೇಲರನ್ನು ಟ್ರಾಕ್ಟರಿನಿಂದ ಕಳಚದೆ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕೆಲಸ ಮಾಡುವವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಎರಡು ಗಾಲಿಗಳ ಟ್ರೇಲರನ್ನು ಕಳಚಿದ್ದರೆ ಅದರ ಮೂತಿಗೂ ಹಿಂಭಾಗಕ್ಕೂ ಆಸರೆ ಕೊಡದೆ ಎತ್ತಬಾರದು. ಅದು ತಕ್ಕಡಿಯಂತೆ ಒಂದು ಕಡೆಗೆ ವಾಲುತ್ತದೆ. ಮಗುಚುವ ಟ್ರೇಲರಿನ ತೊಟ್ಟಿಯನ್ನು ಮೇಲೆತ್ತಿ ಕೆಲಸ ಮಾಡುವುದಾದರೆ ಎಣ್ಣೆಯ ಒತ್ತಡವನ್ನು ನಂಬದೆ ಗಟ್ಟಿಯಾದ ಊರೆ ಕೊಡಬೇಕು.

ಗಾಲಿಯ ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಎತ್ತಿದ ಮೇಲೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಜಗ್ಗಿದರೆ ವಾಹನ ಆಸರೆಯಿಂದ ಜಾರುತ್ತದೆ.

ಕಮಾನು ಪಟ್ಟಿ ಬಿಚ್ಚುವ ಕ್ರಮ

ಜೀಪು, ಪಿಕಪ್ ಮತ್ತು ಟ್ರೇಲರುಗಳಲ್ಲಿ ಹೆಚ್ಚಾಗಿ ಇರುವುದು ಕಮಾನು ಪಟ್ಟಿ. ಉತ್ತರ ಕರ್ನಾಟಕದಲ್ಲಿ ಇದನ್ನು ಪಾಟಾ ಎನ್ನುವುದುಂಟು. ಇದನ್ನು ಬಿಚ್ಚುವಾಗ ಈ ಕ್ರಮವನ್ನು ಅನುಸರಿಸಬೇಕು.

1. ಆಸರೆಯನ್ನು ಚಾಸಿಸ್‌ಗೆ ಕೊಡಬೇಕು, ಅಚ್ಚಿಗಲ್ಲ. ಆಗ ಅಚ್ಚು ಜೋತುಬಿದ್ದು ಪಟ್ಟಿಯ ಮೇಲಿನ ಭಾರ ಕಳೆಯುತ್ತದೆ.

2. ಬೇರೊಂದು ಜಾಕ್‌ನಿಂದ ಅಚ್ಚನ್ನು ತುಸುವೇ ಎತ್ತಿ, ಪಟ್ಟಿಯು ಮೇಲಕ್ಕೂ ಒತ್ತದೆ ಕೆಳಕ್ಕೂ ಜಗ್ಗದೆ ಇರುವ ಮಟ್ಟಕ್ಕೆ ತರಬೇಕು. ಶ್ಯಾಕಲ್ ಕೈಯಿಂದ ಅಲುಗುವಂತಾದರೆ ಭಾರ ಇಳಿದಿದೆ ಎಂದು ತಿಳಿಯಬಹುದು. ಬ್ರೇಕಿನ ರಬ್ಬರ್ ಕೊಳವೆ ಬಿಗಿಯಾಗಿ ಎಳೆದಿಲ್ಲವೆಂಬುದನ್ನೂ ಈಗಲೇ ನೋಡಬೇಕು.

3. ಅನಂತರ ಯು ಬೋಲ್ಟುಗಳನ್ನೂ, ಕೊನೆಗೆ ಶ್ಯಾಕಲ್ ಪಿನ್ನನ್ನೂ ಬಿಚ್ಚಬೇಕು. ಪಿನ್ನು ಸುಲಭವಾಗಿ ಬರದಿದ್ದರೆ ಪಟ್ಟಿಯಲ್ಲಿ ಇನ್ನೂ ಬಲವಿದೆಯೆಂಬ ಅನುಮಾನವಿರಲಿ. ಬಡಿಯುವ ಮೊದಲು ಜಾಕ್‌ನ ಮಟ್ಟವನ್ನು ಸರಿಪಡಿಸಿ ನೋಡಬೇಕು.

4. ಪಟ್ಟಿಗಳ ಕಟ್ಟನ್ನು ಬೇರೆಬೇರೆ ಮಾಡುವಾಗ ನಡುವಿನ ಸೆಂಟರ್ ಬೋಲ್ಟನ್ನು ಹಾಗೆಯೇ ಬಿಚ್ಚಬಾರದು. ಬಾಗು ಬೇರೆಬೇರೆ ಇರುವ ಪಟ್ಟಿಗಳನ್ನು ಒಟ್ಟಿಗೆ ಅದುಮಿ ಕಟ್ಟಿರುವುದರಿಂದ ಅವು ಚಿಮ್ಮುತ್ತವೆ. ಕಟ್ಟನ್ನು ವೈಸ್‌ನಲ್ಲಿ ಅಥವಾ ಎರಡು ಗಟ್ಟಿ ಕ್ಲ್ಯಾಂಪುಗಳಲ್ಲಿ ಬಿಗಿದು, ಬೋಲ್ಟು ತೆಗೆದು, ಆಮೇಲೆ ಕ್ಲ್ಯಾಂಪುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

5. ಪಟ್ಟಿಯ ಮತ್ತು ಚಾಸಿಸ್‌ನ ರಂಧ್ರಗಳು ಸೇರಿವೆಯೋ ಎಂದು ಬೆರಳು ತೂರಿಸಿ ನೋಡಬಾರದು. ಕೂದಲೆಳೆಯಷ್ಟು ಸರಿದರೂ ಬೆರಳು ಕತ್ತರಿಸಿದಂತಾಗುತ್ತದೆ. ಮೊನೆಯಿರುವ ಸಲಾಕೆಯಿಂದ ಕೂಡಿಸಬೇಕು.

ಪಟ್ಟಿ ಮತ್ತು ಪಿನ್ನುಗಳು ಹದಗೊಳಿಸಿದ ಗಡಸು ಉಕ್ಕು. ಅವುಗಳ ಮೇಲೆ ಸುತ್ತಿಗೆಯಿಂದ ನೇರವಾಗಿ ಬಡಿದರೆ ಚಕ್ಕೆ ಹಾರಿ ಕಣ್ಣಿಗೆ ನೆಡುತ್ತದೆ. ನಡುವೆ ಹಿತ್ತಾಳೆ ಅಥವಾ ಮೆದು ಕಬ್ಬಿಣದ ತುಂಡನ್ನು ಇಟ್ಟು ಬಡಿಯಬೇಕು. ಕನ್ನಡಕ ಹಾಕದೆ ಈ ಕೆಲಸವನ್ನು ಮಾಡಲೇಬಾರದು. ವಾಹನದ ಅಡಿಯಿಂದ ಉದುರುವ ಮಣ್ಣು, ತುಕ್ಕುಗಳಿಂದಲೂ ಕಣ್ಣು ಉಳಿಯುತ್ತದೆ.

ಸುರುಳಿ ಸ್ಪ್ರಿಂಗಿನ ಅಪಾಯ

ಕಾರುಗಳ ಮುಂಭಾಗದಲ್ಲಿ ಇಂದು ಹೆಚ್ಚಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು. 1983 ರಲ್ಲಿ ಬಂದ ಮಾರುತಿ 800 ಕಾರಿನ ಮೂಲಕ ಇದು ನಮ್ಮ ಮೆಕ್ಯಾನಿಕ್‌ಗಳಿಗೆ ಹೆಚ್ಚು ಪರಿಚಿತವಾಯಿತು. ಇದರಲ್ಲಿ ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ ಸ್ಪ್ರಿಂಗನ್ನು ಅದುಮಿ ಕೂರಿಸಿರುತ್ತಾರೆ. ಮೇಲ್ತುದಿಯ ನಡುವಿನ ಒಂದೇ ನಟ್ಟು ಅದನ್ನು ಹಿಡಿದಿರುತ್ತದೆ.

ಒಂದು ಸ್ಪ್ರಿಂಗನ್ನು ಒಂದು ಮಿ.ಮೀ. ಅದುಮಲು 2 ಕಿ.ಗ್ರಾಂ. ಭಾರ ಬೇಕು, ಅದನ್ನು 150 ಮಿ.ಮೀ. ಅದುಮಲಾಗಿದೆ ಎಂದಿಟ್ಟುಕೊಂಡರೆ ಅದು ಒತ್ತುತ್ತಿರುವ ಬಲ 300 ಕಿ.ಗ್ರಾಂ. ಅದರಲ್ಲಿ ಕೂಡಿಟ್ಟ ಶಕ್ತಿಯು 22 ಕಿ.ಗ್ರಾಂ. ತೂಕದ ಚೀಲವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದ್ದಕ್ಕೆ ಸಮ. ಎರಡೂವರೆ ಕಿ.ಗ್ರಾಂ. ತೂಗುವ ಆ ಸ್ಪ್ರಿಂಗು ಇದ್ದಕ್ಕಿದ್ದಂತೆ ಬಿಡುಗಡೆಯಾದರೆ ಗಂಟೆಗೆ 45 ಕಿ.ಮೀ.ಗೂ ಹೆಚ್ಚು ವೇಗದಿಂದ ಹಾರಬಲ್ಲದು. ನಟ್ಟು ಬಿಚ್ಚುವವನ ಮುಖವು ಆಗ ಅದಕ್ಕೆ ಒಂದು ಮೊಳ ದೂರದಲ್ಲಿರುತ್ತದೆ.

ಸ್ಟ್ರಟ್ಟನ್ನು ವಾಹನದಿಂದ ಇಳಿಸಲು ಸುತ್ತಲಿನ ನಟ್ಟುಗಳನ್ನು ಮಾತ್ರ ಬಿಚ್ಚಬೇಕು. ನಡುವಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಅದುಮುವವರೆಗೆ ಮುಟ್ಟಬಾರದು. ಕಂಪ್ರೆಸರಿನ ಎರಡು ಕೊಕ್ಕೆಗಳು ಎದುರುಬದುರಾಗಿರಬೇಕು. ಒಂದನ್ನು ಎರಡು ಮೂರು ಸುತ್ತು, ಮತ್ತೊಂದನ್ನು ಅಷ್ಟೇ ಸುತ್ತು, ಹೀಗೆ ಸರದಿಯಂತೆ ಬಿಗಿಯಬೇಕು. ಸ್ಪ್ರಿಂಗು ತನ್ನ ಕೂರುವ ಬಟ್ಟಲಿನಲ್ಲಿ ಸಡಿಲವಾದ ಮೇಲೆಯೇ ನಡುವಿನ ನಟ್ಟಿಗೆ ಕೈ ಹಾಕಬೇಕು. ಸ್ಪ್ರಿಂಗಿನ ತುದಿಯು ಯಾರ ಕಡೆಗೂ ಮುಖ ಮಾಡಿರಬಾರದು. ಕಂಪ್ರೆಸರ್ ಇಲ್ಲದೆ ಸರಪಳಿ, ಹಗ್ಗ ಅಥವಾ ಬೈಂಡಿಂಗ್ ವೈರ್ ಸುತ್ತಿ ಬಿಚ್ಚುವುದು ಸಾವಿನೊಡನೆ ಸರಸ. ಈ ಸಾಧನವಿಲ್ಲದವರು ಸ್ಟ್ರಟ್ಟನ್ನು ಇಡಿಯಾಗಿ ಗ್ಯಾರೇಜಿಗೆ ಒಯ್ಯುವುದೇ ವಿವೇಕ.

ಕೆಲವು ವಾಹನಗಳಲ್ಲಿ ಸ್ಪ್ರಿಂಗು ಮೇಲಿನ ಮತ್ತು ಕೆಳಗಿನ ತೋಳುಗಳ ನಡುವೆ ಇರುತ್ತದೆ. ಅಲ್ಲಿ ಬಾಲ್ ಜಾಯಿಂಟ್ ಬಿಚ್ಚುವ ಮುನ್ನ ಕೆಳತೋಳಿಗೆ ಜಾಕ್ ಕೊಡಬೇಕು. ಇಲ್ಲವಾದರೆ ತೋಳು ಹೊಡೆತದಂತೆ ಕೆಳಗೆ ಬಂದು ಸ್ಪ್ರಿಂಗು ಹೊರಗೆ ಚಿಮ್ಮುತ್ತದೆ.

ಬೆಸುಗೆ, ಬೆಂಕಿ ಮತ್ತು ದೂಳು

ಮುರಿದ ಪಟ್ಟಿಯನ್ನು ಬೆಸುಗೆ ಹಾಕಿಸಿ ಮತ್ತೆ ಜೋಡಿಸುವುದು ಹಳ್ಳಿಗಳಲ್ಲಿ ಸಾಮಾನ್ಯ. ಪಟ್ಟಿಯ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು. ಬೆಸುಗೆಯ ಶಾಖದಿಂದ ಅದರ ಹದ ಕೆಟ್ಟು, ಬೆಸುಗೆಯ ಪಕ್ಕದ ಭಾಗ ಗಾಜಿನಂತೆ ಪೆಡಸಾಗುತ್ತದೆ. ಹೊರೆ ಬಿದ್ದಾಗ ಅದು ಅಲ್ಲಿಯೇ ಮತ್ತೆ ಮುರಿಯುತ್ತದೆ. ಹೀಗೆ ಉಳಿಸಿದ ಹಣ ಕಬ್ಬಿನ ಹೊರೆಯೊಡನೆ ರಸ್ತೆಯ ಪಾಲಾಗುತ್ತದೆ. ಮುರಿದ ಪಟ್ಟಿಗೆ ಅದೇ ಅಳತೆಯ ಹೊಸ ಪಟ್ಟಿಯೊಂದೇ ಪರಿಹಾರ.

ತುಕ್ಕು ಹಿಡಿದ ಬೋಲ್ಟನ್ನು ಗ್ಯಾಸ್ ಜ್ವಾಲೆಯಿಂದ ಕಾಯಿಸುವಾಗ ಹತ್ತಿರದ ಇಂಧನ ಟ್ಯಾಂಕ್, ಬ್ರೇಕ್ ಕೊಳವೆ, ಗ್ರೀಸ್ ಮತ್ತು ರಬ್ಬರ್ ಬುಷ್‌ಗಳನ್ನು ಮರೆಯಬಾರದು. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡುವುದು ಮೇಲು. ಶಾಕ್ ಅಬ್ಸಾರ್ಬರನ್ನು ಕಾಯಿಸುವುದಾಗಲಿ, ಕತ್ತರಿಸುವುದಾಗಲಿ, ತೂತು ಕೊರೆಯುವುದಾಗಲಿ ಕೂಡದು. ಅನೇಕ ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆಯೊಡನೆ ಒತ್ತಡದ ಅನಿಲವಿರುತ್ತದೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ದೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ರಸ್ತೆಯಲ್ಲಿ ಹೊರೆಯೊಡನೆ ನಿಂತಾಗ

ಈಗ ಮತ್ತೆ ಕಾಲುವೆ ಏರಿಯ ಟ್ರೇಲರಿಗೆ ಬರಬಹುದು. ಅಲ್ಲಿ ಜಾಕ್ ನಿಂತಿದ್ದುದು ಹಸಿ ಮಣ್ಣಿನ ಮೇಲೆ, ಮೂರು ಟನ್ ಭಾರ ನಿಂತಿದ್ದುದು ಒಂದು ಸೀಲು ಮತ್ತು ಎರಡು ಇಟ್ಟಿಗೆಗಳ ಮೇಲೆ. ಅಲ್ಲಿ ಮಾಡಬೇಕಾದದ್ದು ದುರಸ್ತಿಯಲ್ಲ. ಟ್ರೇಲರನ್ನು ಸಾಧ್ಯವಿದ್ದಷ್ಟು ಮಟ್ಟಿಗೆ ರಸ್ತೆಯ ಬದಿಗೆ ಸರಿಸಿ, ಹಿಂದೆ ಕನಿಷ್ಠ 50 ಹೆಜ್ಜೆ ದೂರದಲ್ಲಿ ಬೆಳಕು ಅಥವಾ ಮಿನುಗುವ ತ್ರಿಕೋನ ಫಲಕವನ್ನು ಇಟ್ಟು, ಬೆಳಗಿನವರೆಗೆ ಕಾಯಬೇಕು. ಹಗಲಿನಲ್ಲಿ ಕಬ್ಬನ್ನು ಬೇರೊಂದು ಟ್ರೇಲರಿಗೆ ವರ್ಗಾಯಿಸಿ, ಬರಿದಾದ ಟ್ರೇಲರನ್ನು ಗಟ್ಟಿ ನೆಲಕ್ಕೆ ತಂದು ಎತ್ತಬೇಕು. ಕೂಲಿ ಹೆಚ್ಚಾಗುತ್ತದೆ, ಸರದಿ ತಪ್ಪುತ್ತದೆ, ತೂಕದಲ್ಲಿ ಸ್ವಲ್ಪ ನಷ್ಟವೂ ಆಗುತ್ತದೆ. ಇವೆಲ್ಲವೂ ಮುಂದಿನ ಹಂಗಾಮಿನಲ್ಲಿ ತುಂಬಿಕೊಳ್ಳಬಹುದಾದ ನಷ್ಟಗಳು.

ಟಾರ್ಚ್ ಹಿಡಿಯಲು ಮಕ್ಕಳನ್ನು ವಾಹನದ ಕೆಳಗೆ ಕರೆಯಬಾರದು. ಗಾಲಿಗೆ ಒತ್ತು ಕೊಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟುಹೋಗಬಾರದು. ಹಿಂದೆ ಬರುವ ಸೈಕಲ್, ಮೋಟಾರ್ ಸೈಕಲ್ ಸವಾರರಿಗೆ ಆ ಕಲ್ಲು ಕತ್ತಲೆಯಲ್ಲಿ ಮೃತ್ಯುವಾಗುತ್ತದೆ.

ಅಪಘಾತ ನಡೆದರೆ

ಎದೆಯ ಮೇಲೆ ಭಾರ ಬಿದ್ದವನಿಗೆ ಮೂಳೆ ಮುರಿಯದಿದ್ದರೂ ಉಸಿರೆಳೆಯಲು ಆಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ಒಬ್ಬನೇ ಇದ್ದಾಗ ವಾಹನದ ಕೆಳಗೆ ಹೋಗಬಾರದು. ಹೊರಗೆ ನಿಂತವನ ಕೈಯಲ್ಲಿ ಎರಡನೆಯ ಜಾಕ್ ಸಿದ್ಧವಿರಬೇಕು. ಸಿಕ್ಕಿಕೊಂಡವನನ್ನು ಕೈಕಾಲು ಹಿಡಿದು ಎಳೆಯದೆ, ಮೊದಲು ಭಾರವನ್ನು ಎತ್ತಿ ಒತ್ತು ಕೊಟ್ಟು, ಆಮೇಲೆ ಹೊರತೆಗೆಯಬೇಕು. ಅದೇ ಹೊತ್ತಿಗೆ ಮತ್ತೊಬ್ಬರು 108 ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ ಈ ಆಂಬುಲೆನ್ಸ್ ಸೇವೆ 2008 ರಿಂದ ಇದೆ. ಎಷ್ಟು ಹೊತ್ತು ಭಾರದ ಕೆಳಗೆ ಇದ್ದನೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಲೇಬೇಕು.

ನೆನಪಿಡಬೇಕಾದ ಅಂಶಗಳು

1. ಹೊರೆಯನ್ನು ಇಳಿಸಿದ ಮೇಲೆಯೇ ವಾಹನವನ್ನು ಎತ್ತಬೇಕು.

2. ಜಾಕ್‌ನ ಕೆಳಗೆ ದಪ್ಪ ಹಲಗೆ, ಚಾಸಿಸ್‌ನ ಕೆಳಗೆ ಸ್ಟ್ಯಾಂಡ್ ಅಥವಾ ಮರದ ಅಟ್ಟಿ ಇರಲೇಬೇಕು. ಇಟ್ಟಿಗೆ, ಕಲ್ಲು ಬೇಡ.

3. ನೆಲದ ಮೇಲಿನ ಗಾಲಿಗಳಿಗೆ ಎರಡೂ ಕಡೆ ಬೆಣೆ ಕೊಡಬೇಕು. ಕೈಬ್ರೇಕನ್ನು ಮಾತ್ರ ನಂಬಬಾರದು.

4. ಸ್ಪ್ರಿಂಗಿನ ಬಲವನ್ನು ಇಳಿಸುವವರೆಗೆ ಅದನ್ನು ಹಿಡಿದಿಟ್ಟ ಬೋಲ್ಟನ್ನು ಬಿಚ್ಚಬಾರದು.

5. ಪಟ್ಟಿಗೆ ಬೆಸುಗೆ ಹಾಕಿಸಬಾರದು.

6. ಕೆಲಸ ಮುಗಿದು ಗಾಲಿಗಳು ನೆಲಕ್ಕೆ ಇಳಿದ ಮೇಲೆ ಗಾಲಿಯ ನಟ್ಟುಗಳನ್ನೂ ಯು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಬೇಕು. 50 ರಿಂದ 100 ಕಿ.ಮೀ. ಓಡಿದ ನಂತರ ಇನ್ನೊಮ್ಮೆ ಪರೀಕ್ಷಿಸಬೇಕು.

7. ಕೆಲಸದ ಹತ್ತಿರ ಇನ್ನೊಬ್ಬರು ಇರಬೇಕು, ಆದರೆ ಅವರೂ ವಾಹನದ ಕೆಳಗೆ ಇರಬಾರದು.

ವಿಸ್ತರಣಾ ಕಾರ್ಯಕರ್ತರು ಕಬ್ಬು ಕಟಾವಿಗೆ ಮುನ್ನ ನಡೆಸುವ ರೈತರ ಸಭೆಗಳಲ್ಲಿ ಒಂದು ಜಾಕ್, ಒಂದು ಇಟ್ಟಿಗೆ ಮತ್ತು ಒಂದು ಹಲಗೆಯನ್ನು ಮುಂದಿಟ್ಟು ಮೇಲಿನ ಲೆಕ್ಕವನ್ನು ಚಾಲಕರಿಗೂ ವಿವರಿಸುವುದು ಉಪಯುಕ್ತ. ಹಂಗಾಮು ಶುರುವಾಗುವ ಮೊದಲೇ ಟ್ರೇಲರಿನ ಪಟ್ಟಿ, ಪಿನ್ನು, ಯು ಬೋಲ್ಟುಗಳನ್ನು ಪರೀಕ್ಷಿಸಿ, ಬಿರುಕು ಕಂಡದ್ದನ್ನು ಹಗಲಿನಲ್ಲಿ, ಕಣದ ಗಟ್ಟಿ ನೆಲದ ಮೇಲೆ ಬದಲಾಯಿಸಿಕೊಂಡ ರೈತನಿಗೆ ಕಾಲುವೆ ಏರಿಯ ಮೇಲೆ ರಾತ್ರಿಯಲ್ಲಿ ಜಾಕ್ ಹಚ್ಚುವ ಪ್ರಸಂಗವೇ ವಿರಳ.